ಮುಕ್ತಿನಾಥದ ದಾರಿಯ ಪುಟ್ಟ ವಿಮಾನ: ಎರಡನೇ ಎಂಜಿನ್ ಎಷ್ಟರ ಮಟ್ಟಿಗೆ ಕಾಯುತ್ತದೆ?

ಪ್ರಶ್ನೆ: ನಮ್ಮ ತಂದೆ-ತಾಯಿ ಊರಿನವರ ಜೊತೆ ಮುಕ್ತಿನಾಥ ಯಾತ್ರೆಗೆ ಹೊರಟಿದ್ದಾರೆ. ಇಬ್ಬರಿಗೂ ಅರವತ್ತು ದಾಟಿದೆ. ಪೋಖರಾದಿಂದ ಜೋಮ್‌ಸೋಮ್‌ವರೆಗೆ ಟ್ವಿನ್ ಆಟರ್ ಅನ್ನುವ ಚಿಕ್ಕ ವಿಮಾನವಂತೆ. 1965ರ ಡಿಸೈನ್ ಎಂದು ಓದಿದೆ. ನೇಪಾಳದ ಅಪಘಾತಗಳ ಸುದ್ದಿ ನೋಡಿ ಹೆದರಿಕೆಯಾಗಿದೆ. "ಎರಡು ಎಂಜಿನ್ ಇದೆ, ಒಂದು ಕೆಟ್ಟರೂ ಇನ್ನೊಂದರಲ್ಲಿ ಹೋಗುತ್ತೆ, ಚಿಂತೆ ಬೇಡ" ಎನ್ನುತ್ತಾರೆ ಟ್ರಾವೆಲ್ ಏಜೆಂಟ್. ನಿಜವಾ? ಇಷ್ಟು ಹಳೇ ವಿಮಾನವನ್ನು ಇನ್ನೂ ಯಾಕೆ ಹಾರಿಸುತ್ತಾರೆ? ಪ್ರಯಾಣಿಕರನ್ನೂ ತೂಕ ಹಾಕುತ್ತಾರಂತಲ್ಲ, ಯಾಕೆ?

ಉತ್ತರ: ಏಜೆಂಟ್ ಹೇಳಿದ್ದು ಸುಳ್ಳಲ್ಲ. ಆದರೆ ಆ ದಾರಿಯಲ್ಲಿ ಹೆದರಬೇಕಾದದ್ದು ಎಂಜಿನ್‌ಗೆ ಅಲ್ಲ, ಮೋಡಕ್ಕೆ. ನೀವು ವಿಮಾನದ ಬಗ್ಗೆ ಕೇಳಿದ್ದೀರಿ, ಅದನ್ನೇ ಹೇಳುತ್ತೇನೆ. ಅದಕ್ಕೂ ಮೊದಲು ಎರಡು ಅಪಘಾತಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2016ರ ಫೆಬ್ರವರಿ 24ರಂದು ಪೋಖರಾದಿಂದ ಜೋಮ್‌ಸೋಮ್‌ಗೆ ಹೊರಟ ಟ್ವಿನ್ ಆಟರ್ ಬೆಟ್ಟಕ್ಕೆ ಅಪ್ಪಳಿಸಿತು. 23 ಜನ ಹೋದರು. ಆ ವಿಮಾನ ಕಂಪನಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಹೊಚ್ಚ ಹೊಸದು. 2022ರ ಮೇ 29ರಂದು ಅದೇ ದಾರಿಯಲ್ಲಿ ಇನ್ನೊಂದು ಟ್ವಿನ್ ಆಟರ್ ಬಿತ್ತು. 22 ಜನ, ಅದರಲ್ಲಿ ನಾಲ್ವರು ಭಾರತೀಯರು. ಈ ವಿಮಾನ ನಲವತ್ತು ವರ್ಷ ದಾಟಿದ್ದು. ಒಂದು ಹೊಸದು, ಒಂದು ಹಳೇದು, ಆದರೆ ಎರಡರ ಕಥೆಯೂ ಒಂದೇ. ಕಣ್ಣಿಗೆ ದಾರಿ ಕಾಣುವಾಗ ಮಾತ್ರ ಹಾರಬೇಕಾದ ಕಡೆ ಮೋಡದೊಳಗೆ ಹೋದರು, ದಾರಿ ತಪ್ಪಿದರು, ಬೆಟ್ಟ ಸಿಕ್ಕಿತು. 2022ರ ತನಿಖೆಯಲ್ಲಿ ಇನ್ನೊಂದು ವಿಷಯವೂ ಹೊರಬಿತ್ತು. ನೆಲ ಹತ್ತಿರ ಬಂದರೆ ಕೂಗಿ ಎಚ್ಚರಿಸುವ ಉಪಕರಣವನ್ನು ಕೆಲಸ ಮಾಡದ ಹಾಗೆ ಆಫ್ ಮಾಡಲಾಗಿತ್ತು. ಆ ಕಣಿವೆಗಳಲ್ಲಿ ಎಡಕ್ಕೂ ಬಲಕ್ಕೂ ಬೆಟ್ಟವೇ. ಉಪಕರಣ ಬಿಟ್ಟೂಬಿಡದೆ ಕೂಗುತ್ತದೆ, ಕಿರಿಕಿರಿ ಆಗುತ್ತದೆ, ಹಾಗಾಗಿ ಬಂದ್ ಮಾಡುತ್ತಾರೆ. ಕಾರಣ ಅರ್ಥವಾಗುತ್ತದೆ, ಆದರೆ ಒಪ್ಪಲು ಆಗುವುದಿಲ್ಲ.

ಇನ್ನು ವಿಮಾನಕ್ಕೆ ಬರೋಣ.

ಟ್ವಿನ್ ಆಟರ್ ಕೆನಡಾದ ಕೂಸು. ಟೊರೊಂಟೊದ ಡೌನ್ಸ್‌ವ್ಯೂನಲ್ಲಿದ್ದ ಡಿ ಹ್ಯಾವಿಲೆಂಡ್ ಕೆನಡಾ ಕಂಪನಿ ಮಾಡಿದ್ದು. ಮೊದಲು ಹಾರಿದ್ದು 1965ರ ಮೇ 20ರಂದು. ಅದಕ್ಕೂ ಮುಂಚೆ ಅವರ ಬಳಿ ಆಟರ್ ಅನ್ನುವ ಒಂದೇ ಎಂಜಿನ್ನಿನ ವಿಮಾನ ಇತ್ತು. ಕೆನಡಾದ ಉತ್ತರದ ಕಾಡು, ಕೆರೆ, ಹಿಮದ ಬಯಲಲ್ಲಿ ಸಾಮಾನು ಹೊರುತ್ತಿತ್ತು. ಅದನ್ನೇ ಉದ್ದ ಮಾಡಿ, ಎರಡು ಟರ್ಬೊಪ್ರಾಪ್ ಎಂಜಿನ್ (ಜೆಟ್ ಬಗೆಯದೇ, ಆದರೆ ಪ್ರೊಪೆಲರ್ ತಿರುಗಿಸುವಂಥದ್ದು) ಕೂರಿಸಿದರು. 1988ರವರೆಗೆ 844 ವಿಮಾನ ತಯಾರಾಗಿ ಕಾರ್ಖಾನೆ ನಿಂತಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಹಳೇ ವಿಮಾನಗಳನ್ನು ಯಾರೂ ಗುಜರಿಗೆ ಹಾಕಲಿಲ್ಲ. ಆ ಕೆಲಸ ಮಾಡುವ ಇನ್ನೊಂದು ವಿಮಾನ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ, ಅದಕ್ಕೆ. ಕೊನೆಗೆ ವೈಕಿಂಗ್ ಏರ್ ಅನ್ನುವ ಕೆನಡಾದ್ದೇ ಕಂಪನಿ 2006ರಲ್ಲಿ ಹಕ್ಕು ಕೊಂಡು, 2010ರಿಂದ ಮತ್ತೆ ಹೊಸದಾಗಿ ಮಾಡಿ ಕೊಡಲು ಶುರು ಮಾಡಿತು. ಕಾಕ್‌ಪಿಟ್‌ನಲ್ಲಿ ಕಂಪ್ಯೂಟರ್ ಪರದೆ ಬಂತು, ಎಂಜಿನ್ ಬಲ ಹೆಚ್ಚಿತು. ಮೈಕಟ್ಟು ಮಾತ್ರ ಅದೇ.

ಹಾಗಾಗಿ "1965ರ ಡಿಸೈನ್" ಅನ್ನುವುದು ಬೈಗುಳವಲ್ಲ. ವಿಮಾನದ ವಯಸ್ಸನ್ನು ಕಾರಿನ ಹಾಗೆ ಲೆಕ್ಕ ಹಾಕುವುದಿಲ್ಲ. ಎಂಜಿನ್ ಇಷ್ಟು ಗಂಟೆ ಓಡಿದ ಮೇಲೆ ಬಿಚ್ಚಲೇಬೇಕು, ಈ ಭಾಗ ಇಷ್ಟು ಸಲ ಇಳಿದ ಮೇಲೆ ಬದಲಿಸಲೇಬೇಕು ಅಂತ ಪಟ್ಟಿ ಇರುತ್ತದೆ. ಪಟ್ಟಿಯನ್ನು ಪಾಲಿಸುವವರ ಕೈಯಲ್ಲಿ ನಲವತ್ತು ವರ್ಷದ ವಿಮಾನವೂ ಗಟ್ಟಿ. ಪಾಲಿಸದವರ ಕೈಯಲ್ಲಿ ನಾಲ್ಕು ವರ್ಷದ್ದೂ ಲಟಾರಿ. ಯುರೋಪಿಯನ್ ಒಕ್ಕೂಟ 2013ರ ಕೊನೆಯಲ್ಲಿ ನೇಪಾಳದ ಎಲ್ಲ ವಿಮಾನ ಕಂಪನಿಗಳನ್ನೂ ತನ್ನ ನಿಷೇಧ ಪಟ್ಟಿಗೆ ಸೇರಿಸಿತು. ಅದರ ಸಿಟ್ಟು ವಿಮಾನದ ಮಾಡೆಲ್ ಮೇಲಲ್ಲ, ಉಸ್ತುವಾರಿಯ ಮೇಲೆ.

ನಿಮ್ಮ ತಂದೆ ವಿಮಾನದ ಪಕ್ಕ ನಿಂತಾಗ ಕೆಲವು ಸಂಗತಿ ಗಮನಿಸಲಿ. ರೆಕ್ಕೆ ತಲೆಯ ಮೇಲಿರುತ್ತದೆ, ಅದಕ್ಕೆ ಕೆಳಗಿನಿಂದ ಓರೆಯಾಗಿ ಒಂದು ಊರುಗೋಲು. ಚಕ್ರಗಳು ಒಳಗೆ ಮಡಚುವುದಿಲ್ಲ. ಮಡಚಿದರೆ ವೇಗ ಬರುತ್ತಿತ್ತು. ಆದರೆ ಕಲ್ಲು-ಮಣ್ಣಿನ ರನ್‌ವೇಯಲ್ಲಿ ಇಳಿಯುವ ವಿಮಾನಕ್ಕೆ ಮಡಚುವ ಚಕ್ರ ಅಂದರೆ ಕೆಡಲು ಇನ್ನೊಂದು ಜಾಗ, ಅಷ್ಟೇ. ಬೇಕಾದರೆ ಚಕ್ರ ತೆಗೆದು ಅಲ್ಲಿಗೆ ಹಿಮದ ಸ್ಕೀ ಅಥವಾ ನೀರಿನ ಮೇಲೆ ತೇಲುವ ದೋಣಿಯಂಥ ಫ್ಲೋಟ್ ಹಾಕಬಹುದು. ಇಂಧನ ಬಹುತೇಕ ವಿಮಾನಗಳ ಹಾಗೆ ರೆಕ್ಕೆಯಲ್ಲಿ ಇಲ್ಲ, ಪ್ರಯಾಣಿಕರ ಕಾಲ ಕೆಳಗೆ, ಹೊಟ್ಟೆಯಲ್ಲಿದೆ. ಏಣಿ ಹತ್ತದೆ, ನೆಲದ ಮೇಲೆ ನಿಂತೇ ಡ್ರಮ್ಮಿನಿಂದ ತುಂಬಬಹುದು. ಎಲ್ಲವೂ ಹೀಗೇ. ಮಾಡಿದವರು ಅಂದಕ್ಕೆ ತಲೆ ಕೆಡಿಸಿಕೊಂಡಿಲ್ಲ.

ಅದರ ನಿಜವಾದ ಕಸುಬು ಇರುವುದು ರೆಕ್ಕೆಯ ಹಿಂಭಾಗದಲ್ಲಿ. ಇಳಿಯುವಾಗ ಕಿಟಕಿಯಿಂದ ನೋಡಿದರೆ ರೆಕ್ಕೆಯ ಹಿಂದಿನ ಅಂಚು ಉದ್ದಕ್ಕೂ ಕೆಳಕ್ಕೆ ಬಾಗುವುದು ಕಾಣುತ್ತದೆ. ಆ ಫ್ಲ್ಯಾಪ್‌ಗಳಲ್ಲಿ ಎರಡು ಸೀಳು ಇರುತ್ತದೆ. ಗಾಳಿ ಸೀಳಿನಲ್ಲಿ ನುಗ್ಗಿ ರೆಕ್ಕೆಗೆ ಅಂಟಿಕೊಂಡೇ ಹರಿಯುತ್ತದೆ. ಹೀಗಾಗಿ ತುಂಬಾ ನಿಧಾನವಾಗಿ ಬಂದರೂ ವಿಮಾನ ಎತ್ತಿ ಹಿಡಿದುಕೊಳ್ಳುತ್ತದೆ, ಜಾರಿ ಬೀಳುವುದಿಲ್ಲ. ನೆಲ ಮುಟ್ಟಿದ ಕೂಡಲೇ ಪೈಲಟ್ ಪ್ರೊಪೆಲರ್ ಎಲೆಗಳನ್ನು ಉಲ್ಟಾ ತಿರುಗಿಸಿ ಗಾಳಿಯನ್ನು ಮುಂದಕ್ಕೆ ತಳ್ಳುತ್ತಾನೆ. ನಾಲ್ಕೈದು ನೂರು ಮೀಟರ್ ಸಿಕ್ಕರೆ ಸಾಕು. ಕೆರಿಬಿಯನ್‌ನ ಸಾಬಾ ದ್ವೀಪದ ರನ್‌ವೇ ಸುಮಾರು 400 ಮೀಟರ್, ಎರಡೂ ತುದಿಯಲ್ಲಿ ಸಮುದ್ರ. ಎವರೆಸ್ಟ್ ದಾರಿಯ ಲುಕ್ಲಾದ್ದು 527 ಮೀಟರ್, ಅದೂ ಏರು. ಸ್ಕಾಟ್ಲೆಂಡ್‌ನ ಬಾರಾ ದ್ವೀಪದಲ್ಲಿ ರನ್‌ವೇನೇ ಇಲ್ಲ, ಕಡಲ ತೀರದ ಮರಳಿನ ಮೇಲೆ ಇಳಿಯುತ್ತದೆ. ಸಮುದ್ರದ ಉಬ್ಬರ-ಇಳಿತ ನೋಡಿ ಟೈಮ್‌ಟೇಬಲ್ ಮಾಡುತ್ತಾರೆ. ಮಾಲ್ಡೀವ್ಸ್‌ಗೆ ಹನಿಮೂನ್ ಹೋದವರು ರೆಸಾರ್ಟಿಗೆ ಹೋಗುವುದು ಇದೇ ವಿಮಾನದಲ್ಲಿ, ಫ್ಲೋಟ್ ಹಾಕಿದ್ದರಲ್ಲಿ. ಪೈಲಟ್‌ಗಳು ಬರಿಗಾಲಲ್ಲಿ ಹಾರಿಸುತ್ತಾರೆ. 2001ರಲ್ಲಿ, ಮತ್ತೆ 2016ರಲ್ಲಿ, ಕತ್ತಲೆಯ ಚಳಿಗಾಲದ ನಡುವೆ ದಕ್ಷಿಣ ಧ್ರುವದ ಸಂಶೋಧನಾ ಕೇಂದ್ರದಿಂದ ರೋಗಿಗಳನ್ನು ಕರೆತಂದದ್ದೂ ಕೆನಡಾದ ಟ್ವಿನ್ ಆಟರ್‌ಗಳೇ. "ಇನ್ನೂ ಯಾಕೆ ಹಾರಿಸುತ್ತಾರೆ" ಅಂದಿರಲ್ಲ, ಇದಕ್ಕೇ. ಗಂಟೆಗೆ ಮುನ್ನೂರು ಕಿಲೋಮೀಟರಿಗೆ ಸುಸ್ತಾಗುವ ವಿಮಾನ ಇದು. ಆದರೆ ಬೇರೆಯವು ಹೋಗಲಾರದ ಕಡೆ ಹೋಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಂದು ಎಂಜಿನ್ ನಿಂತರೆ?

ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಕುಸಿದರೆ ಏನಾಗುತ್ತದೆ? ಗಾಡಿ ನಿಲ್ಲುವ ಮೊದಲು ಅಡ್ಡ ತಿರುಗುತ್ತದೆ. ವಿಮಾನವೂ ಹಾಗೇ. ಎಡ ಎಂಜಿನ್ ಸತ್ತರೆ ಬಲ ಎಂಜಿನ್ ಮೂತಿಯನ್ನು ಎಡಕ್ಕೆ ತಿರುಗಿಸುತ್ತದೆ. ಪೈಲಟ್ ಬಲಗಾಲಿನ ಪೆಡಲ್ ಒತ್ತಿ, ಬಾಲದ ರಡ್ಡರ್‌ನಿಂದ ಮೂತಿಯನ್ನು ನೇರ ಹಿಡಿಯಬೇಕು. ರಡ್ಡರ್ ಕೆಲಸ ಮಾಡಲು ಅದರ ಮೇಲೆ ಸಾಕಷ್ಟು ಗಾಳಿ ಹರಿಯಬೇಕು, ಅಂದರೆ ವೇಗ ಬೇಕು. ಒಂದು ಮಿತಿಗಿಂತ ವೇಗ ಕಡಿಮೆಯಾದರೆ ರಡ್ಡರ್ ಸೋಲುತ್ತದೆ. ಆಗ ವಿಮಾನ ಮಗುಚಿಕೊಳ್ಳುತ್ತದೆ. ಎರಡು ಎಂಜಿನ್ನಿನ ವಿಮಾನ ಕಲಿಯುವವರಿಗೆ ಮೊದಲು ಗಿಳಿಪಾಠ ಮಾಡಿಸುವುದೇ ಈ ವೇಗದ ಅಂಕಿ.

ಇನ್ನೊಂದು ಸಂಗತಿ ಏಜೆಂಟರಿಗೆ ಗೊತ್ತಿರಲಿಕ್ಕಿಲ್ಲ. ಎರಡರಲ್ಲಿ ಒಂದು ಹೋದರೆ ಅರ್ಧ ಶಕ್ತಿ ಉಳಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಎಂಜಿನ್ ಲೆಕ್ಕದಲ್ಲಿ ಸರಿ. ಆದರೆ ವಿಮಾನ ಮೇಲೇರುವುದು ತನ್ನನ್ನು ಸಮನಾಗಿ ಹಾರಿಸಿಕೊಂಡು ಮಿಕ್ಕಿದ ಶಕ್ತಿಯಲ್ಲಿ. ಸಮನಾಗಿ ಹಾರುವುದಕ್ಕೇ ದೊಡ್ಡ ಪಾಲು ಖರ್ಚು. ಹೀಗಾಗಿ ಸಮುದ್ರ ಮಟ್ಟದಲ್ಲಿ, ಪೂರ್ತಿ ಭಾರದಲ್ಲಿ, ಎರಡು ಎಂಜಿನ್ ಇದ್ದಾಗ ನಿಮಿಷಕ್ಕೆ ಸುಮಾರು 1,600 ಅಡಿ ಏರುವ ಟ್ವಿನ್ ಆಟರ್, ಒಂದರಲ್ಲಿ ಏರುವುದು 340 ಅಡಿಯಷ್ಟೇ. ಅರ್ಧ ಅಲ್ಲ, ಐದರಲ್ಲಿ ಒಂದು ಪಾಲು. ಜೋಮ್‌ಸೋಮ್ ಇರುವುದು 2,700 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಸುಮಾರು ಕಾಲು ಭಾಗ ತೆಳು. ಅಲ್ಲಿ ಆ 340 ಕೂಡ ಇನ್ನಷ್ಟು ಕರಗುತ್ತದೆ. ಎರಡನೇ ಎಂಜಿನ್ ವಿಮಾನವನ್ನು ಬೆಟ್ಟ ಹತ್ತಿಸುವುದಿಲ್ಲ. ಕಣಿವೆಯ ಕೆಳದಿಕ್ಕಿಗೆ ತಿರುಗಿ, ಪೋಖರಾ ಕಡೆ ನಿಧಾನಕ್ಕೆ ಇಳಿದು ಬರಲು ಸಮಯ ಕೊಡುತ್ತದೆ. ಅದು ಕಡಿಮೆ ಉಪಕಾರವಲ್ಲ. ಒಂದೇ ಎಂಜಿನ್ ಇದ್ದಿದ್ದರೆ ಆ ಕಣಿವೆಯಲ್ಲಿ ಇಳಿಯಲು ಗದ್ದೆ ಹುಡುಕಬೇಕಿತ್ತು.

ಈ ವಿಮಾನದ ಎಂಜಿನ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಪಿಟಿ6. 1960ರ ದಶಕದಿಂದ ಇವತ್ತಿನವರೆಗೆ 50,000ಕ್ಕೂ ಜಾಸ್ತಿ ತಯಾರಾಗಿವೆ. ಗಾಳಿ ಇದರಲ್ಲಿ ಹಿಂಬದಿಯಿಂದ ಒಳಗೆ ಬಂದು ಮುಂದಕ್ಕೆ ಹರಿಯುತ್ತದೆ. ಅದಕ್ಕೇ ಹೊಗೆ ಕೊಳವೆಗಳು ಪ್ರೊಪೆಲರಿನ ಬೆನ್ನಿಗೇ ಇರುತ್ತವೆ. ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ಎಂಜಿನ್ನಿನ ಉರಿಯುವ ಭಾಗಕ್ಕೂ ಪ್ರೊಪೆಲರಿಗೂ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ. ಬಿಸಿ ಗಾಳಿ ಬೀಸಿ ಬೇರೊಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಪ್ರೊಪೆಲರನ್ನು ತಿರುಗಿಸುತ್ತದೆ. ಸ್ಟಾರ್ಟ್ ಮಾಡುವಾಗ ಗಮನಿಸಿ: ಮೊದಲು ಸಣ್ಣಗೆ ಶಿಳ್ಳೆಯಂಥ ಸದ್ದು ಏರುತ್ತದೆ, ಪ್ರೊಪೆಲರ್ ಆಮೇಲೆ ಸೋಮಾರಿಯ ಹಾಗೆ ಹೊರಳುತ್ತದೆ.

ನಿಂತ ವಿಮಾನದಲ್ಲೂ ಒಂದು ಗುರುತು ಇದೆ. ಟ್ವಿನ್ ಆಟರ್ ಸುಮ್ನೆ ನಿಂತಾಗ ಅದರ ಪ್ರೊಪೆಲರ್ ಎಲೆಗಳು ಗಾಳಿಗೆ ಅಂಚು ಕೊಟ್ಟು ನಿಂತಿರುತ್ತವೆ, ಎದುರಿನಿಂದ ನೋಡಿದರೆ ತೆಳ್ಳಗೆ ಕಾಣುತ್ತವೆ. ಇದಕ್ಕೆ ಫೆದರ್ ಎನ್ನುತ್ತಾರೆ. ಎಲೆಗಳನ್ನು ಹಾರುವ ಕೋನದಲ್ಲಿ ಹಿಡಿದಿಡುವುದು ಎಣ್ಣೆಯ ಒತ್ತಡ. ಎಂಜಿನ್ ನಿಂತು ಒತ್ತಡ ಇಳಿದರೆ ಸ್ಪ್ರಿಂಗು ಮತ್ತು ತೂಕದ ಗುಂಡುಗಳು ಎಲೆಯನ್ನು ತಾನಾಗಿ ಅಂಚಿಗೆ ತಿರುಗಿಸುತ್ತವೆ. ಆಕಾಶದಲ್ಲಿ ಎಂಜಿನ್ ಸತ್ತಾಗ ಬೇಕಾದದ್ದು ಇದೇ. ಅಗಲವಾಗಿ ನಿಂತ ಎಲೆ ಗಾಳಿಗೆ ಅಡ್ಡಗೋಡೆ. ಅಂಚು ಕೊಟ್ಟ ಎಲೆ ಸದ್ದಿಲ್ಲದೆ ಗಾಳಿ ಸೀಳುತ್ತದೆ.

ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವ, ಮೂಲತಃ ಜರ್ಮನಿಯ ಡಾರ್ನಿಯರ್ 228 ಕೂಡ ಇದೇ 19 ಸೀಟಿನ ಜಾತಿ. ಜೋಮ್‌ಸೋಮ್‌ಗೂ ಡಾರ್ನಿಯರ್ ಹಾರಿವೆ, ಹಾಗಾಗಿ ನಿಮ್ಮವರಿಗೆ ಅದೂ ಸಿಗಬಹುದು. ಅದರ ಎಂಜಿನ್ ಬೇರೆ, ಅದರಲ್ಲಿ ಪ್ರೊಪೆಲರಿಗೆ ನೇರ ಶಾಫ್ಟ್ ಇದೆ. ಸ್ಟಾರ್ಟ್ ಮಾಡುವಾಗ ಎಂಜಿನ್ ಪ್ರೊಪೆಲರನ್ನೂ ಹೊತ್ತುಕೊಂಡೇ ತಿರುಗಬೇಕು, ಭಾರ ಕಡಿಮೆಯಿರಲಿ ಅಂತ ನಿಲ್ಲಿಸುವಾಗ ಎಲೆಗಳನ್ನು ಚಪ್ಪಟೆಯಾಗಿ ಲಾಕ್ ಮಾಡಿರುತ್ತಾರೆ. ನಿಂತ ವಿಮಾನದ ಎಲೆ ನೋಡಿಯೇ ಎಂಜಿನ್ ಯಾವ ಬಗೆಯದು ಅಂತ ಹೇಳಬಹುದು. ಜೊತೆಯ ಯಾತ್ರಿಕರ ಎದುರು ಸ್ವಲ್ಪ ಜಂಭ ಕೊಚ್ಚಿಕೊಳ್ಳಲು ನಿಮ್ಮ ತಂದೆಗೆ ಉಪಯೋಗಕ್ಕೆ ಬರುತ್ತದೆ.

ಎಂಜಿನ್ ನಿಲ್ಲಿಸುವುದು, ಮತ್ತೆ ಹೊತ್ತಿಸುವುದು ಎಷ್ಟು ನಾಜೂಕು ಅನ್ನುವುದಕ್ಕೆ ನಮ್ಮ ಮನೆ ಬಾಗಿಲಲ್ಲೇ ಒಂದು ದುಃಖದ ಉದಾಹರಣೆ ಇದೆ. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ವಿನ್ಯಾಸ ಮಾಡಿದ ಸರಸ್, ಎರಡು ಪಿಟಿ6 ಎಂಜಿನ್ನಿನ ಚಿಕ್ಕ ಪ್ರಯಾಣಿಕ ವಿಮಾನ. 2004ರಲ್ಲಿ ಮೊದಲು ಹಾರಿತು. 2009ರ ಮಾರ್ಚ್ 6ರಂದು ಎರಡನೇ ಮಾದರಿ ಬಿಡದಿ ಬಳಿ ಬಿತ್ತು. ಆವತ್ತು ಒಂದು ಎಂಜಿನ್ ಬೇಕೆಂದೇ ನಿಲ್ಲಿಸಿ, ಆಕಾಶದಲ್ಲೇ ಮತ್ತೆ ಹೊತ್ತಿಸುವ ಪರೀಕ್ಷೆ ನಡೆದಿತ್ತು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಎಂಜಿನ್ ಹೊತ್ತಿಸಲು ಬರೆದುಕೊಟ್ಟಿದ್ದ ಕ್ರಮವೇ ತಪ್ಪಾಗಿತ್ತು, ಎತ್ತರವೂ ಸಾಲಲಿಲ್ಲ ಅಂತ ತನಿಖೆ ಹೇಳಿತು. ಎಂಜಿನ್ ಅದೇ ಒಳ್ಳೆ ಪಿಟಿ6. ಹಾಗಾಗಿ ನನ್ನ ಪಕ್ಷಪಾತಕ್ಕೂ ಒಂದು ಮಿತಿ ಇದೆ. ಸುಧಾರಿಸಿದ ಸರಸ್ 2018ರ ಜನವರಿಯಲ್ಲಿ ಮತ್ತೆ ಹಾರಿತು. ಅದರಿಂದ ಬೆಳೆಸಿ 19 ಸೀಟಿನ ಹೊಸ ಮಾದರಿ ಮಾಡುವುದು ಯೋಜನೆ.

ಎಲ್ಲ ಕಡೆ ಈ 19 ಯಾಕೆ ಅಂತ ನಿಮಗೂ ಅನ್ನಿಸಿರಬಹುದು. ಅಮೆರಿಕದ ನಿಯಮದಲ್ಲಿ 19 ಸೀಟು ದಾಟಿದರೆ ಗಗನಸಖಿ ಕಡ್ಡಾಯ, ವಿಮಾನದ ಮೇಲಿನ ನಿಯಮಗಳೂ ಬಿಗಿ. ಕಂಪನಿಗಳೆಲ್ಲ ಆ ಗೆರೆಗೆ ಸರಿಯಾಗಿ ಬಂದು ನಿಂತವು, ಅಷ್ಟೇ. ನೇಪಾಳದಲ್ಲಿ ಆದರೂ ಒಬ್ಬರು ಗಗನಸಖಿ ಇರುತ್ತಾರೆ. ಪೆಪ್ಪರ್‌ಮಿಂಟ್ ಮತ್ತು ಹತ್ತಿ ಕೊಡುತ್ತಾರೆ. ಹತ್ತಿ ಕಿವಿಗೆ, ಸದ್ದು ಜೋರು.

ತೂಕದ ವಿಷಯ ಹೌದು, ನಿಜ. ಕೌಂಟರಿನಲ್ಲಿ ಬ್ಯಾಗಿನ ಜೊತೆ ಮನುಷ್ಯರನ್ನೂ ತಕ್ಕಡಿ ಮೇಲೆ ನಿಲ್ಲಿಸುವುದುಂಟು. ಅವಮಾನ ಅಂದುಕೊಳ್ಳಬಾರದು. ಲೆಕ್ಕ ನೋಡಿ. ಟ್ವಿನ್ ಆಟರ್ ಗರಿಷ್ಠ 5,670 ಕಿಲೋ ತೂಗಬಹುದು. ಖಾಲಿ ವಿಮಾನವೇ ಸುಮಾರು 3,400. ಉಳಿದದ್ದು 2,270. ಮೂವರು ಸಿಬ್ಬಂದಿಗೆ 210 ಕಳೆಯಿರಿ. 19 ಜನಕ್ಕೆ ತಲಾ 75ರಂತೆ 1,425 ಕಳೆಯಿರಿ. ಮಿಕ್ಕಿದ್ದು 635 ಕಿಲೋ, ಅದರಲ್ಲೇ ಇಂಧನ, ಅದರಲ್ಲೇ ಎಲ್ಲರ ಬ್ಯಾಗು. ತಲಾ ಐದು ಕಿಲೋ ಜಾಸ್ತಿ ತಂದರೂ ನೂರು ಕಿಲೋ ಹತ್ತಿರ ಆಯಿತು. ಇದು ಕಾಗದದ ಮೇಲಿನ ಗರಿಷ್ಠ. ಜೋಮ್‌ಸೋಮ್‌ನಂಥ ಎತ್ತರದ ಜಾಗದಿಂದ ಏರುವಾಗ, ಅದರಲ್ಲೂ ಬಿಸಿಲಿದ್ದರೆ, ಅಷ್ಟನ್ನೂ ತುಂಬಿಸಲು ಆಗದೇ ಇರಬಹುದು. ಕಾಳಿ ಗಂಡಕಿ ನದಿಯ ಸಾಲಿಗ್ರಾಮ ಹುಡುಕಿ ತರುವ ಆಸೆ ನಿಮ್ಮ ತಾಯಿಗೆ ಇದ್ದರೆ, ಚೀಲ ತುಂಬಿಸಿಕೊಳ್ಳುವ ಮುಂಚೆ ಈ ಲೆಕ್ಕ ನೆನಪಿಸಿ. ಕಲ್ಲು ಕಲ್ಲೇ ಅಲ್ವಾ.

ಇನ್ನು ಆ ಕಣಿವೆ. ಅನ್ನಪೂರ್ಣಾ ಮತ್ತು ಧೌಲಗಿರಿ, ಎರಡೂ 8,000 ಮೀಟರ್ ದಾಟಿದ ಬೆಟ್ಟಗಳು. ನಡುವೆ ಕಾಳಿ ಗಂಡಕಿ. ಹಾರಾಟ ಇಪ್ಪತ್ತು ನಿಮಿಷದ್ದು, ಆದರೆ ವಿಮಾನ ಬೆಟ್ಟದ ಮೇಲೆ ಹಾರುವುದಿಲ್ಲ, ಬೆಟ್ಟಗಳ ನಡುವೆ ಹಾರುತ್ತದೆ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಇಳಿಯದಂತೆ ಹಿಡಿದಿಡುವ ವ್ಯವಸ್ಥೆ ಇಲ್ಲ, ಹಾಗಾಗಿ ತೀರಾ ಮೇಲೆ ಹೋಗಲೂ ಬರುವುದಿಲ್ಲ. ಬಿಸಿಲೇರಿದ ಹಾಗೆ ಮೇಲಿನ ಒಣ ಬಯಲು ಕಾಯುತ್ತದೆ, ಅಲ್ಲಿನ ಗಾಳಿ ಮೇಲೇಳುತ್ತದೆ, ಅದರ ಜಾಗ ತುಂಬಲು ದಕ್ಷಿಣದ ಗಾಳಿ ಈ ಕಿರಿದಾದ ಕಣಿವೆಯಲ್ಲಿ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಜೋಮ್‌ಸೋಮ್‌ನಲ್ಲಿ ನಿಲ್ಲುವುದೂ ಕಷ್ಟ. ಅದಕ್ಕೇ ಅಲ್ಲಿಗೆ ವಿಮಾನ ಬೆಳಗ್ಗೆ ಮಾತ್ರ. ಬೆಳಗ್ಗೆ ಮೋಡ ಇದ್ದರೆ ಕಾಯುತ್ತಾರೆ, ಮೋಡ ಸರಿಯುವಷ್ಟರಲ್ಲಿ ಗಾಳಿ ಎದ್ದರೆ ಆವತ್ತಿನ ಹಾರಾಟ ರದ್ದು.

ಇಲ್ಲೇ ಯಾತ್ರಿಕರು ಎಡವುವುದು. ಕಠ್ಮಂಡುವಿನಿಂದ ವಾಪಸ್ ಟಿಕೆಟ್ ಮರುದಿನಕ್ಕೇ ಇರುತ್ತದೆ. ವಿಮಾನ ರದ್ದಾದರೆ ಕೌಂಟರಿನ ಮುಂದೆ ಜಗಳ. ಒತ್ತಡ ಏಜೆಂಟಿನಿಂದ ಕಂಪನಿಗೆ, ಕಂಪನಿಯಿಂದ ಪೈಲಟ್‌ಗೆ ಇಳಿಯುತ್ತದೆ. ಪೈಲಟ್ "ಇವತ್ತು ಬೇಡ" ಅಂದರೆ ಅವನಿಗೆ ಕೈ ಮುಗಿಯಬೇಕು. ನಿಮ್ಮ ಏಜೆಂಟರನ್ನು ಎಂಜಿನ್ ಬಗ್ಗೆ ಕೇಳಬೇಡಿ. ಜೋಮ್‌ಸೋಮ್‌ನ ಆಚೆ-ಈಚೆ ಒಂದೊಂದು ದಿನ ಖಾಲಿ ಬಿಟ್ಟಿದ್ದೀರಾ, ವಿಮಾನ ರದ್ದಾದರೆ ಜೀಪಿನ ವ್ಯವಸ್ಥೆ ಏನು, ದುಡ್ಡು ವಾಪಸಾ, ಇಷ್ಟು ಕೇಳಿ. ರಸ್ತೆ ಇದೆ, ಬೇನಿ ಅನ್ನುವ ಊರಿನ ಮೇಲೆ ಹೋಗುತ್ತದೆ, ಹತ್ತಿರ ಹತ್ತಿರ ಇಡೀ ದಿನ ಕುಲುಕಾಟ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ರಸ್ತೆ ಅದು. ಅದಕ್ಕೆ ಅದರದ್ದೇ ಅಪಾಯ ಇದೆ, ವಿಮಾನ ಬಿಟ್ಟು ಜೀಪಿಗೆ ಹೋದರೆ ಬಚಾವು ಅಂತ ನಾನು ಹೇಳಲಾರೆ. ನನ್ನ ತಂದೆ-ತಾಯಿ ಆಗಿದ್ದರೆ ಅಕ್ಟೋಬರ್-ನವೆಂಬರಿನಲ್ಲಿ, ಬೆಳಗಿನ ಮೊದಲ ವಿಮಾನದಲ್ಲಿ, ಆಕಾಶ ಶುಭ್ರ ಇದ್ದರೆ ಕಳಿಸುತ್ತಿದ್ದೆ. ಮಳೆಗಾಲದಲ್ಲಿ ಕಳಿಸುತ್ತಿರಲಿಲ್ಲ.

ಒಂದು ಮಾತು ನೀವು ಕೇಳದೇ ಇದ್ದರೂ ಹೇಳುತ್ತೇನೆ. ಪೋಖರಾ 800 ಮೀಟರ್ ಎತ್ತರದಲ್ಲಿದೆ. ಇಪ್ಪತ್ತು ನಿಮಿಷದಲ್ಲಿ 2,700ಕ್ಕೆ ಬರುತ್ತಾರೆ. ಅಲ್ಲಿಂದ ಅದೇ ದಿನ ಜೀಪಿನಲ್ಲಿ 3,700 ಮೀಟರಿನ ಮುಕ್ತಿನಾಥಕ್ಕೆ ಓಡಿಸುತ್ತಾರೆ. ಅರವತ್ತು ದಾಟಿದ ದೇಹಕ್ಕೆ ಇದು ಜಾಸ್ತಿ ಆಯಿತು. ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿ ಮಲಗಿ ಹೋಗಲಿ, ಹೊರಡುವ ಮುಂಚೆ ಡಾಕ್ಟರನ್ನು ಕಾಣಲಿ.

ಸೀಟು ಸಾಮಾನ್ಯವಾಗಿ ಮೊದಲು ಹತ್ತಿದವರಿಗೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಲಿ, ಅನ್ನಪೂರ್ಣಾ ಆ ಕಡೆಗೇ ಇರುವುದು. ಬರುವಾಗ ಎಡಗಡೆ. ಮುಂದಿನ ಸಾಲು ಸಿಕ್ಕರೆ ಇನ್ನೂ ಒಳ್ಳೇದು. ಪೈಲಟ್‌ಗಳು ಚಾವಣಿಯಿಂದ ಇಳಿಬಿದ್ದ ಲಿವರ್‌ಗಳನ್ನು ಕೈ ಎತ್ತಿ ಹಿಡಿದು ತಳ್ಳುವುದು ಕಾಣುತ್ತದೆ. ಟ್ವಿನ್ ಆಟರ್‌ನಲ್ಲಿ ಎಂಜಿನ್ ಕಂಟ್ರೋಲ್ ಇರುವುದೇ ಮೇಲೆ.